ಎರಡು ಸಲ ಒತ್ತಬೇಕಿದ್ದ ಬಟನ್: ಬಳ್ಳಾರಿಯ ಒಂದು ಜೀನ್ಸ್ ಘಟಕದ ಲಿಸ್ಟ್ ಪ್ರಕರಣ

ನಾನು ಬಳ್ಳಾರಿಯಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತೇನೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುವವರಲ್ಲಿ ಡಿಗ್ರಿ ಮುಗಿಸಿದವರೇ ಜಾಸ್ತಿ. ಅವರಲ್ಲಿ ಒಬ್ಬ ಹುಡುಗಿ ಬರೆದ ಪುಟ್ಟ ಪ್ರೋಗ್ರಾಂನಿಂದ ಎರಡು ಅಂಗಡಿಗಳ ನಡುವೆ ಜಗಳ ಆಯಿತು. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಅದೇ ಸಾಲನ್ನು ನಾನು ಹತ್ತಾರು ಮಕ್ಕಳ ನೋಟ್‌ಬುಕ್ಕಿನಲ್ಲಿ ನೋಡಿದ್ದೇನೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಎಲ್ಲರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಬೀದಿ, ತಿಂಗಳು ಯಾವುದನ್ನೂ ಹೇಳುವುದಿಲ್ಲ. ಬಂಡಲ್ ನಂಬರ್‌ಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟು ಒಂದೇ ಸೂರಿನ ಕೆಳಗೆ ತಯಾರಾಗುವುದು ಅಪರೂಪ. ಒಂದು ಕಡೆ ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸುತ್ತಾರೆ. ಇನ್ನೊಂದು ಕಡೆ ಹೊಲಿಗೆ ಆಗುತ್ತದೆ. ಹೊಲಿದ ಮಾಲು ವಾಷಿಂಗ್‌ಗೆ ಹೊರಗೆ ಹೋಗುತ್ತದೆ. ವಾಪಸ್ ಬಂದ ಮೇಲೆ ಬಟನ್, ಇಸ್ತ್ರಿ, ಪ್ಯಾಕಿಂಗ್. ಹೀಗೆ ಕೈಯಿಂದ ಕೈಗೆ ಹೋಗುವ ಮಾಲಿಗೆ ಲೆಕ್ಕವೇ ಆಧಾರ.

ಈ ಘಟಕದಲ್ಲಿ ಹದಿನೈದಕ್ಕೂ ಹೆಚ್ಚು ಮಷೀನುಗಳಿವೆ. ಹುಡುಗಿಯ ಅಪ್ಪ ಅಲ್ಲೇ ಟೈಲರ್. ವಾಷಿಂಗ್‌ಗೆ ಹೋದ ಬಂಡಲ್‌ಗಳ ಲೆಕ್ಕವನ್ನು ಮೊದಲು ಗೋಡೆಯ ಮೇಲಿನ ಒಂದು ಹಲಗೆಯಲ್ಲಿ ಇಡುತ್ತಿದ್ದರು. ಹಲಗೆಗೆ ಸಾಲಾಗಿ ಮೊಳೆ. ಬಂಡಲ್ ಹೋದಾಗ ಅದರ ನಂಬರಿನ ಚೀಟಿಯನ್ನು ಮೊಳೆಗೆ ಚುಚ್ಚುವುದು, ಬಂದಾಗ ಕಿತ್ತು ಡಬ್ಬಿಗೆ ಹಾಕುವುದು. ಮೊಳೆ ಮೇಲೆ ಉಳಿದದ್ದೇ ಬಾಕಿ. ಫ್ಯಾನ್ ಗಾಳಿಗೆ ಚೀಟಿ ಹಾರಿಹೋಗುತ್ತಿತ್ತು ಅನ್ನುವುದೊಂದೇ ತೊಂದರೆ.

ಹುಡುಗಿ ಆ ಹಲಗೆಯನ್ನೇ ಪೈಥಾನಿನಲ್ಲಿ ಬರೆದಳು. ನನಗೆ ಅದು ತುಂಬಾ ಹಿಡಿಸಿತು. 2008ರಲ್ಲಿ ಪೈಥಾನ್ 3 ಬಂದಾಗಿನಿಂದ, ಮಾಹಿತಿ ಇಟ್ಟುಕೊಳ್ಳುವ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಅವಳೂ ಹಾಗೇ ಇಟ್ಟಿದ್ದಳು:

ಬಾಕಿ = [61, 62, 63, 64, 65, 66]

ಚೌಕ ಕಂಸದೊಳಗೆ ಕಾಮಾ ಹಾಕಿ ಬರೆದರೆ ಲಿಸ್ಟ್, ಅಂದರೆ ಸಾಲಾಗಿ ಇಟ್ಟ ಪಟ್ಟಿ, ತಯಾರು. ಬಾಕಿ[0] ಅಂದರೆ ಮೊದಲನೆಯದು, 61. ಬಾಕಿ[-1] ಅಂದರೆ ಕೊನೆಯದು, 66. ಹೊಸ ಬಂಡಲ್ ಹೋದರೆ ಅಪೆಂಡ್, ಅದು ಕೊನೆಗೆ ಸೇರುತ್ತದೆ. ಬಂಡಲ್ ಬಂದರೆ ರಿಮೂವ್. ಸಂಜೆ ಸೂಪರ್‌ವೈಸರ್ ಆ ದಿನ ವಾಪಸ್ ಬಂದ ನಂಬರ್‌ಗಳನ್ನೆಲ್ಲ ಟೈಪ್ ಮಾಡಿ ಒಂದು ಬಟನ್ ಒತ್ತುತ್ತಾರೆ. ಆಗ ಒಂದು ಫಾರ್ ಲೂಪ್ ಬಾಕಿ ಲಿಸ್ಟನ್ನು ಮೊದಲಿಂದ ಕೊನೆವರೆಗೆ ನೋಡಿಕೊಂಡು ಹೋಗುತ್ತದೆ. ಬಂದಿರುವ ನಂಬರ್ ಸಿಕ್ಕರೆ ಅಲ್ಲೇ ರಿಮೂವ್ ಮಾಡುತ್ತದೆ. ಓದಿದರೆ ಯಾವ ತಪ್ಪೂ ಕಾಣುವುದಿಲ್ಲ, ಅಲ್ವಾ? ನನಗೂ ಮೊದಲ ಸಲ ಕಾಣಲಿಲ್ಲ. ಅವಳು ತೋರಿಸಿದಾಗ ನಾನೇ "ಚೆನ್ನಾಗಿದೆ" ಅಂದಿದ್ದೆ.

ಅವಳು ಪರೀಕ್ಷೆಯನ್ನೂ ಮಾಡಿದ್ದಳು. ಐದು ಬಂಡಲ್ ಹಾಕಿ, ಎರಡನೆಯದು ಮತ್ತು ನಾಲ್ಕನೆಯದು ಬಂದವು ಅಂತ ಕೊಟ್ಟು ನೋಡಿದ್ದಳು. ಉತ್ತರ ಸರಿ ಬಂದಿತ್ತು.

ಸಮಸ್ಯೆ

ಮೊದಲ ಕೆಲವು ವಾರ ಕೆಲಸ ಕಡಿಮೆ ಇತ್ತು. ವಾಷಿಂಗ್‌ನಿಂದ ದಿನಕ್ಕೆ ಒಂದೇ ಬಂಡಲ್ ಬರುತ್ತಿತ್ತು. ಲೆಕ್ಕ ಸರಿಯಾಗೇ ಇತ್ತು. ಹಬ್ಬದ ಸೀಸನ್ ಶುರುವಾಯಿತು. ಟಂಟಂ ಗಾಡಿಯಲ್ಲಿ ಒಮ್ಮೆಗೇ ಆರು, ಎಂಟು, ಹನ್ನೆರಡು ಬಂಡಲ್ ಬರತೊಡಗಿದವು.

ಒಂದು ದಿನ ಸೂಪರ್‌ವೈಸರ್ ರಜೆಯಲ್ಲಿದ್ದರು. ಮಾಲೀಕರ ತಮ್ಮ ನಂಬರ್‌ಗಳನ್ನು ಹಾಕಿ ಬಟನ್ ಒತ್ತಿದರು. 61ರಿಂದ 72ರವರೆಗೆ ಹನ್ನೆರಡು ಬಂಡಲ್ ಬಾಕಿ ಇದ್ದವು. ಆ ದಿನ ಬಂದದ್ದು ಆರು: 62, 63, 65, 66, 69, 70. ಸ್ಕ್ರೀನ್ ಮೇಲೆ ಇನ್ನೂ ಒಂಬತ್ತು ಬಾಕಿ ಅಂತ ಬಂತು. ಬಾಕಿಯಲ್ಲಿ 63, 66, 70 ಹಾಗೇ ಕೂತಿದ್ದವು. ಬಂಡಲ್‌ಗೆ 20 ಪ್ಯಾಂಟು. ಅಂದರೆ 60 ಪ್ಯಾಂಟು ಬಂದಿಲ್ಲ ಅಂತ ಲೆಕ್ಕ ಹೇಳಿತು.

ಅವರು ಗೋಡೌನಿಗೆ ಹೋಗಿ ನೋಡಲಿಲ್ಲ. ವಾಷಿಂಗ್ ಘಟಕಕ್ಕೆ ಫೋನ್ ಮಾಡಿದರು. "ಎಲ್ಲಾ ಕೊಟ್ಟೀವಿ ರೀ, ಚೀಟಿ ಮ್ಯಾಲೆ ನಿಮ್ಮೋರದೇ ಸಹಿ ಐತಿ" ಅಂತ ಅವರು. "ಕಂಪ್ಯೂಟರ್ ತೋರಿಸ್ತೈತಿ, ಅದು ಸುಳ್ಳು ಹೇಳ್ತದಾ?" ಅಂತ ಇವರು. ಮಾತಿಗೆ ಮಾತು ಬೆಳೆಯಿತು. ವಾಷಿಂಗ್‌ನವರಿಗೆ ಆ ವಾರ ಕೊಡಬೇಕಿದ್ದ ದುಡ್ಡನ್ನು ತಡೆಹಿಡಿದರು. ಎಷ್ಟೋ ವರ್ಷಗಳಿಂದ ಬರೀ ಬಾಯಿಮಾತಿನ ಮೇಲೆ ಮಾಲು ಕೊಟ್ಟು ತೆಗೆದುಕೊಂಡವರು ಇವರು. ಆ ಬಂಡಲ್‌ಗಳು ಆ ಹೊತ್ತಿಗೆ ಇಸ್ತ್ರಿ ಟೇಬಲ್ಲಿನ ಪಕ್ಕದಲ್ಲೇ ಇದ್ದವು.

ಮಾಡಿ ನೋಡಿದ್ದು

ಮರುದಿನ ಸೂಪರ್‌ವೈಸರ್ ಬಂದು ವಿಷಯ ಕೇಳಿ, "ಅಯ್ಯೋ, ಅದನ್ನ ಎರಡು ಸಲ ಒತ್ತಬೇಕು" ಅಂದರು. ಎರಡನೇ ಸಲ ಒತ್ತಿದರು. ಮೂರೂ ನಂಬರ್ ಹೋದವು. ಬಾಕಿ ಆರು, ಸರಿಯಾದ ಆರು. ಸೀಸನ್ ಶುರುವಾದಾಗಿನಿಂದ ಅವರು ಹಾಗೇ ಮಾಡುತ್ತಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಮಷೀನಿನ ಪೆಡಲ್ ಒಮ್ಮೊಮ್ಮೆ ಎರಡು ಸಲ ಒತ್ತಬೇಕಾಗುತ್ತದಲ್ಲ, ಹಾಗೇ ಇದೂ ಅಂದುಕೊಂಡಿದ್ದರು. ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಅವರ ಪಾಲಿಗೆ ಕೆಲಸ ನಡೆಯುತ್ತಿತ್ತು.

ಹುಡುಗಿ ನನ್ನ ಹತ್ತಿರ ಬಂದಳು. ಮುಖ ಬಾಡಿತ್ತು. ನಾನು ಕೋಡ್ ನೋಡುವ ಮೊದಲು ಸೂಪರ್‌ವೈಸರ್ ಜೊತೆ ಫೋನಿನಲ್ಲಿ ಮಾತಾಡಿದೆ. ಅದು ಒಳ್ಳೆಯದೇ ಆಯಿತು. "ಯಾವಾಗಲೂ ಎರಡೇ ಸಲ ಸಾಕಾ?" ಅಂತ ಕೇಳಿದೆ. "ಇಲ್ಲ ಸಾರ್. ಹೋದ ವಾರ ಹನ್ನೆರಡಕ್ಕೆ ಹನ್ನೆರಡೂ ಬಂದಿದ್ವು. ಒಂದ್ಸಲ ಒತ್ತಿದ್ರೆ ಆರು ಉಳೀತು. ಆಮೇಲೆ ಮೂರು, ಆಮೇಲೆ ಒಂದು. ನಾಲ್ಕನೇ ಸಲಕ್ಕೆ ಪೂರ್ತಿ ಹೋಯ್ತು" ಅಂದರು.

ಹನ್ನೆರಡು, ಆರು, ಮೂರು, ಒಂದು. ಈ ಪ್ರಕರಣದ ಮೊದಲ ತಿರುವು ಇದೇ. ಟೈಪಿಂಗ್ ತಪ್ಪಾಗಿದ್ದರೆ ಹೀಗೆ ಲೆಕ್ಕಾಚಾರವಾಗಿ ಅರ್ಧರ್ಧ ಆಗುವುದಿಲ್ಲ. ಯಾವುದೋ ಒಂದು ಬಿಟ್ಟು ಒಂದನ್ನು ದಾಟಿಕೊಂಡು ಹೋಗುತ್ತಿದೆ. ಕೋಡ್ ಬರೆಯದ ಒಬ್ಬರು ಕಣ್ಣಿಟ್ಟು ನೋಡಿ ನೆನಪಿಟ್ಟುಕೊಂಡ ನಾಲ್ಕು ಅಂಕಿಗಳು ನಮ್ಮ ಅರ್ಧ ಕೆಲಸ ಮುಗಿಸಿದವು.

ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಕಾಗದ ಹರಿದು ಆರು ಚೀಟಿ ಮಾಡಿ, 61ರಿಂದ 66 ಬರೆದು, ಮೇಜಿನ ಮೇಲೆ ಒತ್ತೊತ್ತಾಗಿ ಸಾಲು ಇಟ್ಟೆ. ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ 0, 1, 2, 3, 4, 5 ಅಂತ ಜಾಗದ ನಂಬರ್ ಬರೆದೆ. "ನೋಡಮ್ಮ, ನಿನ್ನ ಬೆರಳೇ ಫಾರ್ ಲೂಪ್. ಅದಕ್ಕೆ ಚೀಟಿ ಗೊತ್ತಿಲ್ಲ. ಜಾಗದ ನಂಬರ್ ಮಾತ್ರ ಗೊತ್ತು. ಪ್ರತಿ ಸಲ ಒಂದು ಜಾಗ ಮುಂದೆ ಹೋಗಬೇಕು. ಲಿಸ್ಟಿನಲ್ಲಿ ಸಂದು ಇರುವ ಹಾಗಿಲ್ಲ. ಚೀಟಿ ಕಿತ್ತರೆ ಬಲಗಡೆಯದನ್ನೆಲ್ಲ ಎಡಕ್ಕೆ ಸರಿಸಬೇಕು" ಅಂದೆ. 62, 63, 65 ಬಂದಿವೆ ಅಂತ ಇಟ್ಟುಕೊಂಡೆವು.

ಬೆರಳು ಜಾಗ 0ರಲ್ಲಿ. 61 ಬಂದಿಲ್ಲ, ಮುಂದೆ. ಜಾಗ 1ರಲ್ಲಿ 62. ಬಂದಿದೆ, ಕಿತ್ತಳು. ಉಳಿದ ನಾಲ್ಕು ಚೀಟಿಗಳನ್ನು ಎಡಕ್ಕೆ ಸರಿಸಿದಳು. ಈಗ 63 ಬಂದು ಜಾಗ 1ರಲ್ಲಿ, ಅವಳ ಬೆರಳಿನ ಕೆಳಗೇ ಕೂತಿತು. ಬೆರಳು ಜಾಗ 2ಕ್ಕೆ ಹೋಯಿತು. ಅಲ್ಲಿ 64. ಅವಳು ಅಲ್ಲೇ ನಿಂತಳು. "ಸಾರ್, 63 ನೋಡಲೇ ಇಲ್ಲ." ಒಂದು ನಿಮಿಷ ಸುಮ್ನೆ ಕೂತಳು. ಆಮೇಲೆ ತಾನೇ ಮುಂದುವರಿಸಿದಳು. ಜಾಗ 3ರಲ್ಲಿ 65, ಕಿತ್ತಳು. 66 ಸರಿದು ಅದೇ ಜಾಗಕ್ಕೆ ಬಂತು. ಬೆರಳು 4ಕ್ಕೆ ಹೋದರೆ ಅಲ್ಲಿ ಚೀಟಿಯೇ ಇಲ್ಲ. ಲೂಪ್ ಮುಗಿಯಿತು. 66ನ್ನೂ ನೋಡಿರಲಿಲ್ಲ. ಅದು ಹೇಗೂ ಬಂದಿರಲಿಲ್ಲವಾದ್ದರಿಂದ ಉತ್ತರ ಕೆಡಲಿಲ್ಲ, ಅಷ್ಟೇ.

ಅವಳ ಮೊದಲ ಪರೀಕ್ಷೆ ಯಾಕೆ ಪಾಸಾಯಿತು ಅನ್ನುವುದೂ ಇದರಲ್ಲೇ ಇದೆ. ಅಲ್ಲಿ ಅಕ್ಕಪಕ್ಕದ ಎರಡು ನಂಬರ್ ಒಟ್ಟಿಗೆ ಬಂದಿರಲಿಲ್ಲ. ದಾಟಿಹೋದವು ಬಾಕಿಯಲ್ಲೇ ಉಳಿಯಬೇಕಾದವು. ಆದರೆ ವಾಷಿಂಗ್‌ನಲ್ಲಿ ಬಂಡಲ್‌ಗಳನ್ನು ಸಾಲಾಗಿ ಮಷೀನಿಗೆ ಹಾಕುತ್ತಾರೆ. ಅಕ್ಕಪಕ್ಕದ ನಂಬರ್‌ಗಳೇ ಜೊತೆಯಾಗಿ ವಾಪಸ್ ಬರುತ್ತವೆ.

ಪೈಥಾನ್ ಯಾಕೆ ಎಚ್ಚರಿಸಲಿಲ್ಲ? ಪೈಥಾನಿನಲ್ಲಿ ಲಿಸ್ಟಿನ ಹಾಗೇ ಮಾಹಿತಿ ಕೂಡಿಡುವ ಡಿಕ್ಷನರಿ ಅಥವಾ ಸೆಟ್ ಮೇಲೆ ಲೂಪ್ ಓಡುತ್ತಿರುವಾಗ ಅದರಿಂದ ಏನಾದರೂ ತೆಗೆದರೆ, ಗಾತ್ರ ಬದಲಾಯಿತು ಅಂತ ಅದು ಎರರ್ ಕೊಟ್ಟು ನಿಲ್ಲುತ್ತದೆ. ಜಾವಾ ಅನ್ನುವ ಇನ್ನೊಂದು ಭಾಷೆಯ ಅರೇಲಿಸ್ಟ್ ಕೂಡ ಸಾಮಾನ್ಯವಾಗಿ ಹೀಗೇ ನಿಲ್ಲುತ್ತದೆ. ಪೈಥಾನಿನ ಲಿಸ್ಟ್ ಮಾತ್ರ ಸುಮ್ಮನೆ ಮುಂದೆ ಹೋಗುತ್ತದೆ. ನನ್ನ ಮಟ್ಟಿಗೆ ಕಲಿಯುವವರಿಗೆ ಇದೇ ದೊಡ್ಡ ಅಪಾಯ. ಎರರ್ ಬಂದರೆ ಮಕ್ಕಳು ಹೆದರುತ್ತಾರೆ. ಆದರೆ ಅವತ್ತು ಒಂದು ಕೆಂಪು ಎರರ್ ಬಂದಿದ್ದರೆ ಆ ಫೋನ್ ಕರೆ ಆಗುತ್ತಲೇ ಇರಲಿಲ್ಲ.

ಅದೇ ರಾತ್ರಿ ಅವಳು ಮನೆಯಲ್ಲಿ ಸರಿಪಡಿಸಿದಳು. ನಕಲು ಮಾಡಿಕೊಂಡು ಅದರ ಮೇಲೆ ಲೂಪ್ ಓಡಿಸಿ, ಮೂಲದಿಂದ ಕಿತ್ತರಾಯಿತು ಅನ್ನುವುದು ಅವಳ ಯೋಚನೆ. ಯೋಚನೆ ಸರಿ ಇತ್ತು. ಬರೆದದ್ದು ಹೀಗೆ:

ಪ್ರತಿ = ಬಾಕಿ

ಬೆಳಗ್ಗೆ ಓಡಿಸಿದರೆ ಅದೇ ತಪ್ಪು, ಅದೇ ಮೂರು ನಂಬರ್. "ಪೈಥಾನೇ ಕೆಟ್ಟಿದೆ ಸಾರ್" ಅಂತ ಮೆಸೇಜ್ ಕಳಿಸಿದ್ದಳು. ಈ ಸಾಲು ನಕಲು ಮಾಡುವುದಿಲ್ಲ. ಒಂದೇ ಲಿಸ್ಟಿಗೆ ಎರಡನೇ ಹೆಸರು ಇಡುತ್ತದೆ. ನಮ್ಮಲ್ಲಿ ಶಾಲೆಯ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು ಇರುವುದಿಲ್ಲವೇ? ಯಾವ ಹೆಸರಿನಿಂದ ಕರೆದರೂ ತಿರುಗಿ ನೋಡುವುದು ಅದೇ ಮಗು. ಬಾಕಿಯಿಂದ 62 ಕಿತ್ತರೆ ಪ್ರತಿಯಲ್ಲೂ 62 ಇಲ್ಲ, ಯಾಕೆಂದರೆ ಎರಡೂ ಒಂದೇ. ನಿಜವಾದ ನಕಲು ಬೇಕಿದ್ದರೆ:

ಪ್ರತಿ = ಬಾಕಿ[:]

ಎರಡು ಚುಕ್ಕಿಯ ಸ್ಲೈಸ್ ಮೊದಲಿಂದ ಕೊನೆವರೆಗೆ ಎಲ್ಲವನ್ನೂ ಎತ್ತಿ ಹೊಸ ಲಿಸ್ಟಿಗೆ ಹಾಕುತ್ತದೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಲಿಸ್ಟಿಗೆ ಕಾಪಿ ಅನ್ನುವ ಮೆಥಡ್ (ಲಿಸ್ಟಿಗೆ ಕೊಡುವ ಆದೇಶ) ಕೂಡ ಇದೆ. ಇದನ್ನು ಹಾಕಿದ ತಕ್ಷಣ ಒಂದೇ ಒತ್ತಿಗೆ ಆರೂ ಹೋದವು.

ಎರಡು ತೀರ್ಮಾನ

ಇಲ್ಲಿಗೆ ಬಿಡಬಹುದಿತ್ತು. ಆದರೆ ನಾನು ಅವಳಿಗೆ ಇನ್ನೊಂದು ದಾರಿ ತೋರಿಸಿದೆ. ಕೀಳುವ ಕೆಲಸವನ್ನೇ ಬಿಡುವುದು. ಒಂದು ಹೊಸ ಖಾಲಿ ಲಿಸ್ಟ್ ತೆರೆಯುವುದು. ಹಳೆಯ ಬಾಕಿಯನ್ನು ಸುಮ್ನೆ ಓದುತ್ತಾ ಹೋಗುವುದು. ಬರದೇ ಇರುವುದನ್ನು ಮಾತ್ರ ಹೊಸದಕ್ಕೆ ಅಪೆಂಡ್ ಮಾಡುವುದು. ಕೊನೆಗೆ ಹೊಸದನ್ನೇ ಬಾಕಿ ಅಂತ ಕರೆಯುವುದು. ಓದುತ್ತಿರುವ ಲಿಸ್ಟ್ ಅಲುಗಾಡುವುದಿಲ್ಲ, ಹಾಗಾಗಿ ದಾಟಿಹೋಗುವ ಮಾತೇ ಇಲ್ಲ. ಕೊನೆಯಿಂದ ಹಿಂದಕ್ಕೆ ಬರುತ್ತಾ ಕಿತ್ತರೂ ಉತ್ತರ ಸರಿ ಬರುತ್ತದೆ. ಆದರೆ ಆರು ತಿಂಗಳ ನಂತರ ಬೇರೆಯವರು ಓದಿದರೆ ಯಾಕೆ ಹಿಂದಿನಿಂದ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಬೇಡ ಅಂದೆ. ಲಿಸ್ಟ್ ಕಾಂಪ್ರಿಹೆನ್ಷನ್ ಬಳಸಿದರೆ ಇದೇ ಕೆಲಸ ಒಂದು ಸಾಲಿನಲ್ಲಿ ಆಗುತ್ತದೆ. 2000ದಲ್ಲಿ ಪೈಥಾನ್ 2.0 ಜೊತೆ ಬಂದ ಸೌಲಭ್ಯ ಅದು. ಅವಳು ನಾಲ್ಕು ಸಾಲಿನ ಲೂಪನ್ನೇ ಇಟ್ಟುಕೊಂಡಳು. ಅಪ್ಪನಿಗೆ ಓದಿ ಹೇಳಬೇಕಿತ್ತಂತೆ. ಸರಿಯಾದ ಆಯ್ಕೆ.

ಇನ್ನೊಂದು ತೀರ್ಮಾನ ಕೋಡಿನದ್ದಲ್ಲ. "ಎಂಟ್ರಿ ತಪ್ಪಾಗಿತ್ತು ಅಂತ ಹೇಳಿಬಿಡೋಣ್ವಾ ಸಾರ್?" ಅಂತ ಅವಳು ಮೆಲ್ಲಗೆ ಕೇಳಿದಳು. ಅಪ್ಪ ಅಲ್ಲೇ ಕೆಲಸ ಮಾಡುವವರು. ಅವಳ ಭಯ ನನಗೆ ಅರ್ಥವಾಗುತ್ತಿತ್ತು. ಆದರೆ ಎಂಟ್ರಿ ಮಾಡಿದ್ದು ಯಾರು? ಮಾಲೀಕರ ತಮ್ಮ. ಅದಕ್ಕೂ ಮುಂಚೆ ಸೂಪರ್‌ವೈಸರ್. ತಪ್ಪು ಅವರ ತಲೆಗೆ ಹೋಗುತ್ತಿತ್ತು. ಜೊತೆಗೆ ಚೀಟಿಗೆ ಸಹಿ ಹಾಕಿಸಿಕೊಂಡು ಮಾಲು ಕೊಟ್ಟ ವಾಷಿಂಗ್‌ನವರ ಮೇಲಿನ ಅನುಮಾನ ಪೂರ್ತಿ ಹೋಗುತ್ತಿರಲಿಲ್ಲ. ನಾನು ಬೇಡ ಅಂದೆ. ಚೆನ್ನಾಗಿದೆ ಅಂದವನು ನಾನು, ಜೊತೆಗೆ ಬರುತ್ತೇನೆ ಅಂದೆ.

ಮಾಲೀಕರ ಮೇಜಿನ ಮೇಲೆ ಅವಳು ಅದೇ ಆರು ಚೀಟಿ ಹರಡಿದಳು. "ಸಾವ್ಕಾರ್ರೇ, ತಪ್ಪು ನಾನು ಬರೆದದ್ದರಲ್ಲೇ ಐತಿ. ಬಂಡಲ್ ಎಲ್ಲಾ ಬಂದಾವ. ನೀವೇ ಬೆರಳಿಟ್ಟು ನೋಡ್ರಿ" ಅಂದಳು. ಅವರು ಬೆರಳಿಟ್ಟರು. 62 ಕಿತ್ತು, ಸರಿಸಿ, ಮುಂದಿನ ಜಾಗಕ್ಕೆ ಹೋದರು. ಹೋದ ಬೆರಳನ್ನು ತಾವೇ ಹಿಂದಕ್ಕೆ ತಂದು 63ರ ಮೇಲೆ ಇಟ್ಟರು. ಅವರು ಓದಿದ್ದು ಏಳನೇ ಕ್ಲಾಸು. ಏನೂ ಮಾತಾಡದೆ ಎದ್ದು, ತಮ್ಮನನ್ನು ಕರೆದುಕೊಂಡು ಅವತ್ತೇ ವಾಷಿಂಗ್ ಘಟಕಕ್ಕೆ ಹೋದರು. ತಡೆಹಿಡಿದ ದುಡ್ಡು ಕೈಯಲ್ಲೇ ಇತ್ತು.

ಮತ್ತೊಂದು ತಪ್ಪು

ಅಲ್ಲಿಂದ ಬಂದ ಮೇಲೆ ಮಾಲೀಕರು ಒಂದು ಮಾತು ಹೇಳಿದರು: ಲೆಕ್ಕ ತಪ್ಪಿದರೆ ಅದನ್ನು ಪ್ರೋಗ್ರಾಂ ತಾನೇ ಹೇಳಬೇಕು. ನಾವು ಒಂದು ತಾಳೆ ಹಾಕಿದೆವು. ಬೆಳಗ್ಗೆ ಬಾಕಿ ಇದ್ದ ಪೀಸುಗಳು ಎಷ್ಟೋ, ಸಂಜೆ ಬಂದದ್ದು ಮತ್ತು ಸಂಜೆ ಉಳಿದದ್ದು ಸೇರಿದರೆ ಅಷ್ಟೇ ಆಗಬೇಕು. ಆಗದಿದ್ದರೆ ಕೆಂಪು ಸಾಲು. ಅದೇ ಹೊತ್ತಿಗೆ ಒಂದು ಬಂಡಲ್‌ನಲ್ಲಿ ಕೆಲವೇ ಪೀಸು ಬಂದರೆ ಬರೆದುಕೊಳ್ಳಲು ಅಂತ, ಬರೀ ನಂಬರಿನ ಬದಲು ಪ್ರತಿ ಬಂಡಲನ್ನೂ ಒಂದು ಪುಟ್ಟ ಲಿಸ್ಟ್ ಮಾಡಿದಳು. ಮೊದಲು ನಂಬರ್, ಆಮೇಲೆ ಪೀಸು:

ಬಾಕಿ = [[61, 20], [62, 20], [63, 20]]
ಬೆಳಗ್ಗೆ = ಬಾಕಿ[:]

ಸಾಲು ಹೀಗೇ 72ರವರೆಗೆ. ಹನ್ನೆರಡು ಬಂಡಲ್, 240 ಪೀಸು. ಮೊದಲ ದಿನ 62ರಲ್ಲಿ 18 ಪೀಸು ಮಾತ್ರ ಬಂದವು. ಎರಡು ಉಳಿದವು ಅಂತ ಅವಳ ಪ್ರೋಗ್ರಾಂ ಜಾಗ 1ರ ಪುಟ್ಟ ಲಿಸ್ಟಿನೊಳಗೆ, ಪೀಸಿನ ಜಾಗದಲ್ಲಿ, ಹೀಗೆ ಬರೆಯಿತು:

ಬಾಕಿ[1][1] = 2

ಕೆಂಪು ಸಾಲು ಬಂತು. ಸಂಜೆ ಬಾಕಿ 222, ಬಂದದ್ದು 18. ಸೇರಿದರೆ 240. ಆದರೆ ಬೆಳಗಿನ ಲೆಕ್ಕವೇ 222 ಅಂತ ತೋರಿಸುತ್ತಿತ್ತು. ಬೆಳಗಿನ ನಕಲು ಸಂಜೆಗೆ ಬದಲಾಗಿಹೋಗಿತ್ತು!

ಸ್ಲೈಸ್ ಹೊರಗಿನ ಲಿಸ್ಟನ್ನು ಮಾತ್ರ ಹೊಸದಾಗಿ ಮಾಡುತ್ತದೆ. ಒಳಗಿನ ಪುಟ್ಟ ಲಿಸ್ಟ್‌ಗಳು ಹಳೆಯವೇ. ಲಿಸ್ಟ್ ತನ್ನೊಳಗೆ ವಸ್ತುವನ್ನು ಇಟ್ಟುಕೊಳ್ಳುವುದಿಲ್ಲ, ವಸ್ತು ಎಲ್ಲಿದೆ ಅನ್ನುವ ವಿಳಾಸ ಇಟ್ಟುಕೊಳ್ಳುತ್ತದೆ. ವಿಳಾಸದ ಪುಸ್ತಕವನ್ನು ನಕಲು ಮಾಡಿದರೆ ಎರಡು ಪುಸ್ತಕ ಆಗುತ್ತವೆ, ಮನೆ ಎರಡಾಗುವುದಿಲ್ಲ. ಇದಕ್ಕೆ ಶಾಲೋ ಕಾಪಿ ಅನ್ನುತ್ತಾರೆ. ಒಳಗಿನದೂ ಬೇರೆಯಾಗಬೇಕಿದ್ದರೆ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ ಇದೆ. ನಾವು ಅದನ್ನು ತೆಗೆದುಕೊಳ್ಳಲಿಲ್ಲ. ಮೊದಲ ಸಲ ಕಲಿತದ್ದನ್ನೇ ಇಲ್ಲೂ ಹಾಕಿದೆವು. ಇರುವುದನ್ನು ತಿದ್ದುವುದು ಬೇಡ, ಹೊಸದನ್ನು ಮಾಡಿ ಆ ಜಾಗದಲ್ಲಿ ಇಡೋಣ ಅಂತ:

ಬಾಕಿ[1] = [62, 2]

ಈಗ ಬಾಕಿಯ ಜಾಗ 1ಕ್ಕೆ ಹೊಸ ಪುಟ್ಟ ಲಿಸ್ಟ್ ಬಂತು. ಬೆಳಗಿನ ಲಿಸ್ಟ್ ಹಳೆಯ [62, 20]ನ್ನೇ ಹಿಡಿದುಕೊಂಡಿದೆ. 240 ಸರಿಯಾಗಿ ಬಂತು. ನೋಡಲು ಎರಡು ಸಾಲಿಗೂ ಅಷ್ಟೇನೂ ವ್ಯತ್ಯಾಸ ಇಲ್ಲ. ಆದರೆ ಒಂದು ಸಾಲು ಮನೆಯೊಳಗೆ ಹೋಗಿ ಸಾಮಾನು ಬದಲಿಸುತ್ತದೆ, ಇನ್ನೊಂದು ಪುಸ್ತಕದಲ್ಲಿ ವಿಳಾಸ ಬದಲಿಸುತ್ತದೆ.

ಈ ಸಲ ತಪ್ಪು ಯಾರ ಮೇಲೂ ಬೀಳಲಿಲ್ಲ. ಬಟನ್ ಒತ್ತಿದ ದಿನವೇ ಸಿಕ್ಕಿತು.

ಕಲಿತದ್ದು

ನನ್ನ ಪಾಠದಲ್ಲಿ ಆದ ಬದಲಾವಣೆಗಳನ್ನೇ ಹೇಳುತ್ತೇನೆ. ಮೊದಲು ಲಿಸ್ಟ್ ಅಂದರೆ ಅಪೆಂಡ್, ಇನ್ಸರ್ಟ್, ರಿಮೂವ್, ಪಾಪ್, ಸಾರ್ಟ್ ಅಂತ ಮೆಥಡ್‌ಗಳ ಸಾಲು ಬರೆಸುತ್ತಿದ್ದೆ. ಈಗ ಮೊದಲ ದಿನವೇ ಚೀಟಿ ಹರಡುತ್ತೇನೆ. ಕಿತ್ತರೆ ಸರಿಯುತ್ತದೆ ಅನ್ನುವುದು ಕೈಗೆ ಗೊತ್ತಾದ ಮೇಲೆ ಮೆಥಡ್‌ಗಳ ಹೆಸರು ಒಂದು ಗಂಟೆಯ ಕೆಲಸ. ಪರೀಕ್ಷೆಗೆ ಕೊಡುವ ಲೆಕ್ಕವನ್ನೂ ಬದಲಿಸಿದ್ದೇನೆ. ಒಂದೂ ಬಂದಿಲ್ಲ, ಎಲ್ಲಾ ಬಂದಿವೆ, ಮೊದಲನೆಯದು ಮಾತ್ರ, ಕೊನೆಯದು ಮಾತ್ರ, ಅಕ್ಕಪಕ್ಕದ ಎರಡು. ಈ ಐದನ್ನು ಓಡಿಸದೆ ಯಾರೂ ಎದ್ದು ಹೋಗುವ ಹಾಗಿಲ್ಲ. ನಮ್ಮ ಹುಡುಗಿಯ ಪ್ರೋಗ್ರಾಂ ಎರಡನೆಯದರಲ್ಲೇ ಬಿದ್ದುಹೋಗುತ್ತಿತ್ತು.

ಬಳಸುವವರನ್ನು ಕೇಳುವುದನ್ನೂ ನಾನು ಕಲಿತೆ. ಸೂಪರ್‌ವೈಸರ್‌ಗೆ ವಾರಗಳಿಂದ ಗೊತ್ತಿತ್ತು. ನಾವಿಬ್ಬರೂ ಕೇಳಿರಲಿಲ್ಲ. ಈಗ ಹುಡುಗಿ ಶನಿವಾರ ಸಂಜೆ ಘಟಕಕ್ಕೆ ಹೋಗಿ, ಅವರ ಪಕ್ಕದಲ್ಲಿ ಕೂತು, ಅವರು ಬಟನ್ ಒತ್ತುವುದನ್ನು ನೋಡುತ್ತಾಳೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಅವರೇ ತರಿಸುತ್ತಾರೆ.

ಹೋದ ಶನಿವಾರ ಅಲ್ಲಿ ಇನ್ನೊಂದು ಪ್ರಶ್ನೆ ಎದ್ದಿದೆ. ಹೊಸ ಲಾಟ್ ಕಟಿಂಗ್‌ಗೆ ಬಂದರೆ ಬಂಡಲ್ ನಂಬರ್ ಮತ್ತೆ 1ರಿಂದ ಶುರುವಾಗುತ್ತದೆ. ಹಳೆಯ ಲಾಟಿನ 7 ಇನ್ನೂ ವಾಷಿಂಗ್‌ನಲ್ಲಿರುವಾಗಲೇ ಹೊಸ ಲಾಟಿನ 7 ಕೂಡ ಅಲ್ಲಿಗೆ ಹೋಗಬಹುದು. ಆಗ 7 ಬಂತು ಅಂತ ಹಾಕಿದರೆ, ಈಗಿನ ಲೂಪ್ ಎರಡನ್ನೂ ಬಾಕಿಯಿಂದ ತೆಗೆದುಬಿಡುತ್ತದೆ. ಅದನ್ನು ಮೊದಲು ಹಿಡಿದದ್ದು ಸೂಪರ್‌ವೈಸರ್ರೇ. ಹುಡುಗಿ ಈಗ ಪುಟ್ಟ ಲಿಸ್ಟಿಗೆ ಮೂರನೆಯದಾಗಿ ಲಾಟ್ ನಂಬರ್ ಸೇರಿಸುತ್ತಿದ್ದಾಳೆ. ಅದು ಮುಗಿಯುವವರೆಗೆ ಮೊಳೆಯ ಹಲಗೆಯನ್ನು ಮತ್ತೆ ಗೋಡೆಗೆ ಹಾಕಿದ್ದಾರೆ, ಫ್ಯಾನಿನಿಂದ ಸ್ವಲ್ಪ ದೂರ.